ಹೊಟ್ಟೆಯುಬ್ಬಿದ ಉಕುಲೇಲೆ ಕೊಂಡ ಬಗೆ

ಗಿಟಾರಿನಂಥ ಪುಟ್ಟ ವಾದ್ಯ ಉಕುಲೇಲೆ; ಅದರಲ್ಲಿ ಚಿಕ್ಕ ಅಳತೆಯ ಸೊಪ್ರಾನೊ ಬೇಕಾದಷ್ಟು ಸಿಗುತ್ತವೆ. ಆರ್ಚ್‌ಟಾಪ್ ಸೊಪ್ರಾನೊ ಮಾತ್ರ ಕಣ್ಣಿಗೆ ಬೀಳುವುದೇ ಅಪರೂಪ. ಪಿಟೀಲಿನ ಹಾಗೆ ಉಬ್ಬಿದ ಮೇಲ್ಹಲಗೆ, ಎಫ್ ಆಕಾರದ ಎರಡು ಸೀಳು, ತಂತಿಗಳನ್ನು ಬುಡದಲ್ಲಿ ಹಿಡಿಯುವ ಟೇಲ್‌ಪೀಸ್, ಅಂಟಿಲ್ಲದೆ ತಂತಿಯ ಒತ್ತಡಕ್ಕೇ ನಿಂತಿರುವ ಕುದುರೆ (ಬ್ರಿಡ್ಜ್): ಇದೆಲ್ಲ ಗಿಟಾರಿನ ಲೋಕದ್ದು. ಗಿಬ್ಸನ್ ಕಂಪನಿ 1922ರಲ್ಲಿ ತಂದ ಎಲ್-5 ಗಿಟಾರಿನಿಂದ ಈ ಬಗೆ ಹೆಸರಾಯಿತು. ಆ ಹಲಗೆಯನ್ನು ನುಡಿಸಲು ಉಕ್ಕಿನ ತಂತಿಯ ಎಳೆತ ಬೇಕು. ಸೊಪ್ರಾನೊದಲ್ಲಿ ಇರುವುದು ನಾಲ್ಕು ತಂತಿ, ಅದೂ ಹಿಂದೆ ಕರುಳಿನದು, ಈಗ ನೈಲಾನಿನದು. ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಮೇರುವಿನಿಂದ (ನಟ್) ಕುದುರೆಗೆ ಹದಿಮೂರೂವರೆ ಇಂಚಿನ ಆಸುಪಾಸು. ಅಷ್ಟರಿಂದ ಉಬ್ಬಿದ ಹಲಗೆ ಸುಲಭಕ್ಕೆ ಬಗ್ಗುವುದಿಲ್ಲ. ತಯಾರಕರು ಇದರ ಹಿಂದೆ ಬೀಳದ್ದಕ್ಕೆ ಅವರನ್ನು ದೂರುವಂತಿಲ್ಲ.

ನನಗೆ ಬೇಕಿದ್ದದ್ದು ಆ ಮೊಂಡು ಹಲಗೆಯ ದನಿಯೇ. ಕೋವಾ ಮರದ ಹವಾಯಿ ಉಕುಲೇಲೆಯಲ್ಲಿ ನಾದ ಸಿಹಿಯಾಗಿ ತೇಲುತ್ತದೆ. ಇದರಲ್ಲಿ ಥಟ್ಟನೆ ಎದ್ದು ಅಲ್ಲೇ ಅಡಗುತ್ತದೆ, ಒಣ ದನಿ. ಹಳೇ ಜಾಜ್ ಹಾಡಿಗೆ ಬೀಸುಗೈಯಲ್ಲಿ ತಾಳ ಹಿಡಿಯುವವರಿಗೆ ಹೇಳಿ ಮಾಡಿಸಿದ್ದು.

ನಾನಿರುವುದು ಶಿಕಾಗೊ ಹೊರವಲಯದಲ್ಲಿ. ವಾದ್ಯ ಮಾಡುತ್ತಿದ್ದ ಲಯನ್ ಅಂಡ್ ಹೀಲಿ, ಹಾರ್ಮನಿ, ರೀಗಲ್ ಕಂಪನಿಗಳೆಲ್ಲ ಈ ಊರಿನವೇ. 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದ ನಂತರ ಅಮೆರಿಕಕ್ಕೆ ಉಕುಲೇಲೆ ಹುಚ್ಚು ಹಿಡಿಯಿತು. ಮರುವರ್ಷವೇ ಸಿಯರ್ಸ್ ಕಂಪನಿ ಹಾರ್ಮನಿಯನ್ನು ಕೊಂಡುಬಿಟ್ಟಿತು. ಹಾಗಾಗಿ ಇಲ್ಲಿನ ಅಟ್ಟಗಳಿಂದ ಇಂದಿಗೂ ಉಕುಲೇಲೆ ಇಳಿಯುತ್ತಲೇ ಇರುತ್ತವೆ. ನನ್ನದು ಸಿಕ್ಕಿದ್ದು ಒಂದು ರಿಪೇರಿ ಅಂಗಡಿಯಲ್ಲಿ. ಒಳಗೆ ಚೀಟಿಯಿಲ್ಲ, ತಲೆಯ ಮೇಲೆ ಹೆಸರಿಲ್ಲ. "ಮೂವತ್ತರ ದಶಕದ್ದು, ದೊಡ್ಡ ಕಂಪನಿಯದೇ ಇರಬೇಕು" ಎಂದು ಅಂಗಡಿಯವರು ರಾಗ ಎಳೆದರು. ಇರಬೇಕು ಎಂಬುದಕ್ಕೆ ನಾನು ದುಡ್ಡು ಕೊಡುವುದಿಲ್ಲ. ಹೆಸರಿಲ್ಲದ ವಾದ್ಯಕ್ಕೆ ಹೆಸರಿಲ್ಲದ ಬೆಲೆ.

ಮೊದಲು ಹಲಗೆ. ಎಫ್ ಸೀಳಿನ ಅಂಚಿಗೆ ಟಾರ್ಚ್ ಹಿಡಿದು ನೋಡಿದೆ. ಪ್ಲೈವುಡ್ ಆಗಿದ್ದರೆ ಅಂಚಿನಲ್ಲಿ ಪದರಗಳು ಕಾಣುತ್ತವೆ. ಕಾಣಲಿಲ್ಲ, ಒಂದೇ ಮರ. ಇನ್ನು ಕೆತ್ತಿದ್ದೋ, ಬಿಸಿಯಲ್ಲಿ ಒತ್ತಿ ಉಬ್ಬಿಸಿದ್ದೋ? ಕೆತ್ತಿದ ಹಲಗೆ ನಡುವೆ ದಪ್ಪ, ಅಂಚಿನತ್ತ ತೆಳು. ದಂತವೈದ್ಯರ ಪುಟ್ಟ ಕನ್ನಡಿ ಒಳಗೆ ತೂರಿಸಿ, ಬೆರಳಿನಿಂದಲೂ ಮುಟ್ಟಿ ನೋಡಿದರೆ ಎಲ್ಲೆಡೆ ಒಂದೇ ದಪ್ಪ. ಒತ್ತಿದ್ದೇ. ಅದೇನೂ ಕೀಳಲ್ಲ, ಆದರೆ ಒತ್ತಿದ ಉಬ್ಬು ವರ್ಷಗಳ ಭಾರಕ್ಕೆ ಕುದುರೆಯ ಕೆಳಗೆ ಕುಸಿಯುವುದುಂಟು. ಸ್ಕೇಲು ಅಡ್ಡ ಇಟ್ಟು ನೋಡಿದೆ, ತಗ್ಗಿರಲಿಲ್ಲ. ಯಾರಾದರೂ ಉಕ್ಕಿನ ತಂತಿ ಕಟ್ಟಿದ್ದರೆ ಮೇರುವಿನಲ್ಲಿ ಕೂದಲೆಳೆಯಂಥ ಗೀರು ಬಿದ್ದಿರುತ್ತದೆ, ಕುತ್ತಿಗೆಯೂ ಮುಂದಕ್ಕೆ ಬಾಗಿರುತ್ತದೆ. ಎರಡೂ ಇಲ್ಲ. ಗೆಣ್ಣಿನಿಂದ ತಟ್ಟುತ್ತ ಹೋದಾಗ ಬೆನ್ನಿನ ಬುಡದಲ್ಲಿ ಒಂದು ಕಡೆ ಝರ್ ಎಂದಿತು. ಅಲ್ಲಿ ಅಂಟು ಬಿಟ್ಟಿತ್ತು. ಚೌಕಾಸಿಗೆ ಅಷ್ಟು ಸಾಕು. 900 ಡಾಲರ್ ಹೇಳಿದವರು ಅಂಟು ಹಾಕಿಕೊಟ್ಟು 760ಕ್ಕೆ ಬಂದರು.

ಇನ್ನೊಂದು ಚಿಂತೆ ಬೆರಳುಹಲಗೆಯದು. ಕಪ್ಪಗಿತ್ತು. ಬ್ರೆಜಿಲ್ ರೋಸ್‌ವುಡ್ ಆಗಿದ್ದರೆ ಅದು 1992ರಿಂದ ಅಪಾಯದಲ್ಲಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಬೆಂಗಳೂರಿಗೆ ಒಯ್ಯಬೇಕೆಂದರೆ ಕಾಗದಪತ್ರದ ಕಾಟ. (ನಮ್ಮ ಬೀಟೆ ಎರಡನೆಯ ಅನುಬಂಧದ್ದು, 2019ರ ತೀರ್ಮಾನದ ನಂತರ ಸಿದ್ಧ ವಾದ್ಯಗಳಿಗೆ ವಿನಾಯಿತಿಯಿದೆ.) ಮೆಟ್ಟಿಲುಗಳ (ಫ್ರೆಟ್) ನಡುವೆ ಸವೆದ ಜಾಗದಲ್ಲಿ ಬಿಳಿ ಮರ ಇಣುಕುತ್ತಿತ್ತು. ಮೇಪಲ್‌ಗೆ ಕಪ್ಪು ಬಳಿದದ್ದು. ಅಗ್ಗದ ಮಾಲು ನೋಡಿ ಅಷ್ಟು ಖುಷಿಪಟ್ಟದ್ದು ಬೇರೆಂದೂ ಇಲ್ಲ.

ಮನೆಗೆ ತಂದಾಗ ಹೆಂಡತಿ ಪೆಟ್ಟಿಗೆ ತೆರೆದು, "ಇದೇನ್ರೀ, ಪಿಟೀಲಿನ ಮರೀನಾ?" ಎಂದಳು. ಬೆಲೆ ಕೇಳಿದಳು. ಹೇಳಿದೆ. ಮುಂದಿನ ಮಾತು ಇಲ್ಲಿ ಬೇಡ.

ತಂತಿ ಬದಲಿಸುವಾಗ ಒಂದೊಂದಾಗಿಯೇ ಬಿಚ್ಚಬೇಕು. ಎಲ್ಲವನ್ನೂ ಬಿಚ್ಚಿದರೆ ಕುದುರೆ ಕೈಗೆ ಬರುತ್ತದೆ, ಅದರ ಜಾಗ ಹೋಗುತ್ತದೆ. ಹಳೇ ವಾರ್ನಿಷ್ ಮೇಲೆ ಅಂಟುಪಟ್ಟಿ ಹಚ್ಚಬೇಡಿ, ಕಿತ್ತು ಬರುತ್ತದೆ; ಕುದುರೆಯಿಂದ ಹಲಗೆಯ ಅಂಚಿಗೆ ಎಷ್ಟು ದೂರ ಎಂದು ಕಾಗದದ ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳಿ. ಆಮೇಲೆ ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿ ನುಡಿಸಿದ ಸ್ವರ, ಅಲ್ಲೇ ಹಗುರ ಸ್ಪರ್ಶದಲ್ಲಿ ಬರುವ ಹಾರ್ಮೋನಿಕ್ ಸ್ವರ, ಎರಡನ್ನೂ ಹೋಲಿಸಿ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಟೇಲ್‌ಪೀಸ್ ಕಡೆಗೆ ಕೂದಲಷ್ಟು ಸರಿಸಿ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಈ ಸೌಕರ್ಯ ಅಂಟಿಸಿದ ಕುದುರೆಯಲ್ಲಿ ಎಲ್ಲಿದೆ?

ಮಾಮೂಲಿ ಜಿ-ಸಿ-ಇ-ಎ ಶ್ರುತಿಯಲ್ಲಿ ದನಿ ಸತ್ತಂತಿತ್ತು, ಜೋರಾಗಿ ಬೀಸಿದರೆ ಕುದುರೆಯೂ ಜಾರುತ್ತಿತ್ತು. ಇಪ್ಪತ್ತರ ದಶಕದಲ್ಲಿ ಬಳಕೆಯಲ್ಲಿದ್ದ ಎ-ಡಿ-ಎಫ್ ಶಾರ್ಪ್-ಬಿಗೆ ಏರಿಸಿ ಫ್ಲೋರೋಕಾರ್ಬನ್ ತಂತಿ ಕಟ್ಟಿದೆ. ಕುದುರೆಯ ಮೇಲೆ ಒತ್ತಡ ಹೆಚ್ಚಿತು, ಜಾರುವುದು ನಿಂತಿತು, ಹಲಗೆ ಬಾಯಿಬಿಟ್ಟಿತು. ಶಿಕಾಗೊ ಚಳಿಗಾಲದಲ್ಲಿ ಹೀಟರ್ ಮನೆಯ ಗಾಳಿಯನ್ನು ಹುರಿದುಬಿಡುವುದರಿಂದ ಪೆಟ್ಟಿಗೆಯೊಳಗೆ ತೇವದ ಪೊಟ್ಟಣ ಇಟ್ಟಿದ್ದೇನೆ. ತೇವಾಂಶದ ಮೀಟರಿನ ಮುಳ್ಳು ಶೇಕಡಾ 45ಕ್ಕಿಂತ ಕೆಳಗಿಳಿದರೆ ಪೊಟ್ಟಣ ಬದಲಿಸುತ್ತೇನೆ.