ಸ್ಪೀಡಿಂಗ್ ಟಿಕೆಟ್: ರೇಡಾರ್ ಲೆಕ್ಕವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್ ಬಿದ್ದರೆ ನಮ್ಮವರು ಎಷ್ಟೋ ಮಂದಿ ಸುಮ್ನೆ ದಂಡ ಕಟ್ಟಿಬಿಡುತ್ತಾರೆ. ಇನ್ನು ಕೆಲವರು ‘ನಾನು ಅಷ್ಟು ಜೋರಾಗಿ ಹೋಗಿರಲಿಲ್ಲ’ ಎಂದಷ್ಟೇ ಹೇಳಿ ಸೋಲುತ್ತಾರೆ. ಬರೀ ಮಾತಿನಿಂದ ವೇಗ ಅಳೆಯುವ ರೇಡಾರ್ ಯಂತ್ರದ ಅಂಕಿ ಸುಳ್ಳಾಗುವುದಿಲ್ಲ. ಅದರ ಹಿಂದಿನ ಕಾಗದಪತ್ರ ಕೇಳಬೇಕು.

ಮೊದಲು ಟಿಕೆಟ್‌ನಲ್ಲಿ ರಾಜ್ಯದ ವಾಹನ ಕಾನೂನಿನ ಯಾವ ಕಲಂ ಹಾಕಿದ್ದಾರೆ ನೋಡಿ. 22349 ಎಂದಿದ್ದರೆ ಗರಿಷ್ಠ ಮಿತಿ ಮೀರಿದ ಆರೋಪ, ಹೆಚ್ಚಿನ ಹೆದ್ದಾರಿಗಳಲ್ಲಿ ಅದು 65 ಮೈಲಿ. ಅಲ್ಲಿ ಟ್ರಾಫಿಕ್ ಸರ್ವೆಯ (ರಸ್ತೆಯಲ್ಲಿ ವಾಹನಗಳು ಎಷ್ಟು ವೇಗದಲ್ಲಿ ಹೋಗುತ್ತವೆ ಎಂದು ಅಳೆದು, ವೇಗಮಿತಿ ಗೊತ್ತುಮಾಡಲು ಮಾಡುವ ಅಧ್ಯಯನ) ವಾದ ನಡೆಯುವುದಿಲ್ಲ. 22350, ಅಂದರೆ ಪರಿಸ್ಥಿತಿಗೆ ತಕ್ಕದ್ದಕ್ಕಿಂತ ಜೋರಾಗಿ ಓಡಿಸಿದ ಆರೋಪ ಇದ್ದರೆ ಮಾತ್ರ ಆ ದಾರಿ ತೆರೆಯುತ್ತದೆ.

ಆ ರಸ್ತೆಯ ಟ್ರಾಫಿಕ್ ಸರ್ವೆಯನ್ನು ನಗರದ ಸಂಚಾರ ವಿಭಾಗದಿಂದ ತರಿಸಿಕೊಳ್ಳಿ. ನನ್ನ ಪ್ರಕಾರ ಇಡೀ ಕೇಸಿನಲ್ಲಿ ಅತಿ ಮುಖ್ಯವಾದ ಕಾಗದ ಇದೇ. ರೇಡಾರ್ ಬಳಸಿದ ಕಡೆ ವೇಗಮಿತಿಗೆ ಸರಿಯಾದ ಸರ್ವೆಯ ಆಧಾರ ಇಲ್ಲದಿದ್ದರೆ ಕಾನೂನು ಅದನ್ನು ‘ಸ್ಪೀಡ್ ಟ್ರ್ಯಾಪ್’ ಎನ್ನುತ್ತದೆ, ಆ ಸಾಕ್ಷ್ಯ ನಿಲ್ಲುವುದಿಲ್ಲ. ಸರ್ವೆ ಸಾಮಾನ್ಯವಾಗಿ 5 ವರ್ಷದೊಳಗಿನದಾಗಿರಬೇಕು. ಅದಕ್ಕಿಂತ ಹಳೆಯದನ್ನು ಒಪ್ಪಬೇಕಾದರೆ ಅಧಿಕಾರಿಗೆ ಕನಿಷ್ಠ 24 ಗಂಟೆಯ ರೇಡಾರ್ ತರಬೇತಿ ಆಗಿರಬೇಕು, ಯಂತ್ರವನ್ನು ಕಳೆದ 3 ವರ್ಷದೊಳಗೆ ಸ್ವತಂತ್ರ ಲ್ಯಾಬ್ ಪರೀಕ್ಷಿಸಿರಬೇಕು. ಇದನ್ನೆಲ್ಲ ತೋರಿಸುವ ಹೊಣೆ ನಿಮ್ಮದಲ್ಲ, ಆರೋಪ ಹೊರಿಸಿದವರದ್ದು. ಶಾಲೆಯ ವಲಯ, ಮನೆಗಳ ನಡುವಿನ ಚಿಕ್ಕ ರಸ್ತೆಗಳಿಗೆ ವಿನಾಯಿತಿ ಇದೆ. ಅದನ್ನೂ ನೋಡಿಕೊಳ್ಳಿ.

ಆಮೇಲೆ ಯಂತ್ರದ ಸರದಿ. ಟಿಕೆಟ್ ಕೊಟ್ಟ ಇಲಾಖೆಗೆ ಪತ್ರ ಬರೆದು ಪರೀಕ್ಷಾ ದಾಖಲೆ ಮತ್ತು ಅಧಿಕಾರಿಯ ಟಿಪ್ಪಣಿ ಕೇಳಿ. ಅನೇಕ ರೇಡಾರ್‌ಗಳ ಜೊತೆ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್, ತಟ್ಟಿದರೆ ಕಂಪಿಸುವ ಲೋಹದ ಕವೆ) ಬರುತ್ತದೆ. ಅದನ್ನು ತಟ್ಟಿ ಯಂತ್ರದ ಮುಂದೆ ಹಿಡಿದರೆ ಕವೆಯ ಮೇಲೆ ಕೆತ್ತಿರುವ ವೇಗವೇ ಪರದೆಯಲ್ಲೂ ಬರಬೇಕು. ಆ ದಿನ ಹಾಗೆ ಪರೀಕ್ಷಿಸಿದರಾ, ಯಾವಾಗ, ಎಲ್ಲಿ ಬರೆದಿಟ್ಟಿದ್ದಾರೆ ಎಂದು ವಿಚಾರಣೆಯಲ್ಲಿ ಕೇಳಿ.

ಇನ್ನೊಂದು ಪ್ರಶ್ನೆ: ಸುತ್ತ ಬೇರೆ ವಾಹನ ಇದ್ದವಾ? ರೇಡಾರ್ ಕಿರಣ ದೂರ ಹೋದಂತೆ ಹರಡುತ್ತದೆ. ಪುಟ್ಟ ಕಾರಿನ ಹಿಂದೆ ದೊಡ್ಡ ಟ್ರಕ್ ಇದ್ದರೆ ಟ್ರಕ್ಕಿನ ಪ್ರತಿಫಲನವೇ ಜೋರಾಗಿದ್ದು, ಪರದೆಯಲ್ಲಿ ಬಂದ ವೇಗ ಅದರದ್ದೇ ಆಗಿರಬಹುದು.

ಇಂಟರ್ನೆಟ್ಟಿನಲ್ಲಿ ಓದಿದ ‘ಕೋನದ ದೋಷ’ವನ್ನು ಮಾತ್ರ ಕಣ್ಣುಮುಚ್ಚಿ ಎತ್ತಬೇಡಿ. ರಸ್ತೆಬದಿ ನಿಂತ ಪೊಲೀಸ್ ಕಾರಿನಿಂದ ಓರೆಯಾಗಿ ಅಳೆದರೆ ನಿಮ್ಮ ವೇಗ ಕಡಿಮೆಯೇ ಕಾಣುತ್ತದೆ. ಅಂದರೆ ತಪ್ಪು ನಿಮ್ಮ ಪರವಾಗಿಯೇ ಆಗಿದೆ ಅಲ್ವಾ? ಆದರೆ ಪೊಲೀಸ್ ಕಾರು ಎದುರಿನಿಂದ ಚಲಿಸುತ್ತಾ ಅಳೆದಿದ್ದರೆ ಕಥೆ ಬೇರೆ. ಆಗ ಯಂತ್ರ ತನ್ನ ಕಾರಿನ ವೇಗವನ್ನು ಕಡಿಮೆ ಎಣಿಸಿದರೆ, ಆ ವ್ಯತ್ಯಾಸ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಆ ಹೊತ್ತಿನಲ್ಲಿ ಸ್ಪೀಡೋಮೀಟರ್ ನೋಡಿ ತಾಳೆ ಹಾಕಿದಿರಾ ಎಂದು ಅಧಿಕಾರಿಯನ್ನು ಕೇಳಿ.

1979ರಲ್ಲಿ ಮಯಾಮಿಯಲ್ಲಿ ತಾಳೆ ಮರವೊಂದು 86 ಮೈಲಿ ವೇಗದಲ್ಲಿದೆ ಎಂದು ರೇಡಾರ್ ತೋರಿಸಿದ್ದು ಟಿವಿಯಲ್ಲಿ ಬಂದು, ಅಲ್ಲಿನ ನ್ಯಾಯಾಧೀಶರು ರೇಡಾರ್ ಸಾಕ್ಷ್ಯವನ್ನೇ ತಳ್ಳಿಹಾಕಿದ್ದರು. ಅದನ್ನೇ ನಂಬಿಕೊಂಡು ಹೋಗಬೇಡಿ. ಯಂತ್ರಗಳು ಈಗ ಬಹಳ ಸುಧಾರಿಸಿವೆ.

ಕೋರ್ಟಿಗೆ ಹೋಗಲು ರಜೆ ಸಿಗದಿದ್ದರೆ ಟಿಆರ್-205 ಫಾರಂ ತುಂಬಿ ಲಿಖಿತ ವಿಚಾರಣೆ ಕೇಳಬಹುದು. ದಂಡದ ಮೊತ್ತ ಮುಂಚೆಯೇ ಕಟ್ಟಬೇಕು, ಗೆದ್ದರೆ ವಾಪಸ್ ಬರುತ್ತದೆ. ಸೋತರೆ, ತೀರ್ಪು ಕಳಿಸಿದ 20 ದಿನದೊಳಗೆ ಹೊಸದಾಗಿ ವಿಚಾರಣೆ ಕೇಳುವ ಹಕ್ಕಿದೆ. ಟಿಕೆಟ್‌ನಲ್ಲಿರುವ ಗಡುವನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ. ಇಂಗ್ಲಿಷ್ ಸಲೀಸಾಗಿ ಬಾರದವರು ಕನ್ನಡ ದುಭಾಷಿ ಬೇಕೆಂದು ವಿಚಾರಣೆಗೆ ಮೊದಲೇ ಕೋರ್ಟಿಗೆ ತಿಳಿಸಿ.