ರೇಂಜ್‌ಫೈಂಡರ್‌ಗೆ ಹಳೆಯ ವೈಡ್ ಲೆನ್ಸ್: ದುಡ್ಡು ಕೊಡುವ ಮುನ್ನ ಟಾರ್ಚ್ ಹಿಡಿಯಿರಿ

ರೇಂಜ್‌ಫೈಂಡರ್ ಎಂದರೆ ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ. ಅದಕ್ಕೆ ಹಳೆಯ ಲೆನ್ಸ್ ಕೊಳ್ಳುವವರು ಹೆಸರು ನೋಡುತ್ತಾರೆ, ಎಫ್ ಸಂಖ್ಯೆ (ಸಣ್ಣದಾದಷ್ಟೂ ಹೆಚ್ಚು ಬೆಳಕು) ನೋಡುತ್ತಾರೆ, ಹೊರಗಿನ ಲೋಹದ ಹೊಳಪು ನೋಡುತ್ತಾರೆ. ಗಾಜಿನೊಳಗೆ ಬೆಳಕು ಬಿಟ್ಟು ನೋಡುವವರು ಕಡಿಮೆ. ಮೊದಲ ರೋಲ್‌ನಲ್ಲಿ ಕಪ್ಪೆಲ್ಲ ಬೂದುಬಣ್ಣಕ್ಕೆ ತಿರುಗಿದಾಗ ತಪ್ಪು ಲ್ಯಾಬ್‌ನವರ ತಲೆಗೆ ಬೀಳುತ್ತದೆ.

1. ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ ಯಾವುದೆಂದು ಖಚಿತಪಡಿಸಿಕೊಳ್ಳಿ. ಲೈಕಾ ಸ್ಕ್ರೂ ಮೌಂಟ್ 39 ಮಿ.ಮೀ.; 1954ರ ಎಂ3 ಕ್ಯಾಮೆರಾದಿಂದ ಬಂದದ್ದು ತುಸು ತಿರುಗಿಸಿ ಸಿಕ್ಕಿಸುವ ಎಂ ಬಯೋನೆಟ್. ಸ್ಕ್ರೂ ಲೆನ್ಸನ್ನು 1 ಮಿ.ಮೀ. ದಪ್ಪದ ಅಡಾಪ್ಟರ್ ಹಾಕಿ ಎಂ ಬಾಡಿಯಲ್ಲಿ ಬಳಸಬಹುದು, ಎಂ ಲೆನ್ಸನ್ನು ಸ್ಕ್ರೂ ಬಾಡಿಗೆ ಹಾಕಲಾಗದು. ತೀರಾ ಅಗ್ಗದ ಅಡಾಪ್ಟರ್ ಬೇಡ. ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ದೂರದ ಬೆಟ್ಟ ಫೋಕಸ್‌ಗೆ ಬರುವುದಿಲ್ಲ. ಸೋವಿಯತ್‌ನ 35 ಮಿ.ಮೀ. ಲೆನ್ಸ್ ಜುಪಿಟರ್-12 ಸ್ಕ್ರೂ ಮೌಂಟ್‌ನಲ್ಲೂ ಇದೆ, ಕೀವ್ ಕ್ಯಾಮೆರಾದ ಮೌಂಟ್‌ನಲ್ಲೂ ಇದೆ. ಹಿಂಬದಿಯ ಫೋಟೊ ಕೇಳಿ.

2. ಮೊದಲ ವೈಡ್ (ಅಗಲ ನೋಟದ) ಲೆನ್ಸ್ 35 ಮಿ.ಮೀ. ಇರಲಿ. ಲೈಕಾ ಎಂ2ರ ವ್ಯೂಫೈಂಡರ್‌ನಲ್ಲಿ 35ರ ಚಿತ್ರದ ಎಲ್ಲೆ ತೋರಿಸುವ ಗೆರೆ ಇದೆ, ಎಂ3ಯಲ್ಲಿ ಇಲ್ಲ. ಹಳೆಯ ಸ್ಕ್ರೂ ಲೈಕಾಗಳಲ್ಲಿ 50ರ ನೋಟ ಮಾತ್ರ, ಹಾಗಾಗಿ ಮೇಲೆ ಸಿಕ್ಕಿಸುವ ಫೈಂಡರ್‌ನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. 0.72 ಪಟ್ಟು ಗಾತ್ರದಲ್ಲಿ ತೋರಿಸುವ ಫೈಂಡರ್‌ನಲ್ಲಿ 28ರ ಗೆರೆಯ ಅಂಚು ಕನ್ನಡಕದವರಿಗೆ ಪೂರ್ತಿ ಕಾಣುವುದು ಕಷ್ಟ.

3. ಎಫ್/2.8 ಸಾಕು. ಕೆನಾನ್ 35 ಎಫ್/2.8, ಎಫ್/2, ಲೈಟ್ಸ್‌ನ ಸಮರಾನ್, ಇಷ್ಟರಲ್ಲೇ ಹುಡುಕಿ. ಕೆನಾನ್ ಎಫ್/1.5ಕ್ಕೆ ಹೆಚ್ಚಿನ ಹಣ ಸುರಿಯಬೇಡಿ. ಪೂರ್ತಿ ತೆರೆದಾಗ ಅದರ ಕಾಂಟ್ರಾಸ್ಟ್ ಕಡಿಮೆ. ಜುಪಿಟರ್-12 ಅಗ್ಗ, ಚಿತ್ರ ಚೆನ್ನ. ಆದರೆ ಅದರ ಹಿಂದಿನ ಗಾಜು ಕ್ಯಾಮೆರಾದೊಳಗೆ ಆಳಕ್ಕೆ ಇಳಿಯುತ್ತದೆ. ಬೆಳಕು ಅಳೆಯುವ ಮೀಟರ್‌ನ ಕೈ ಶಟರ್ ಮುಂದೆ ಬರುವ ಲೈಕಾ ಎಂ5, ಸಿಎಲ್‌ಗಳಿಗೆ ಹಾಕಲೇಬೇಡಿ. ಜುಪಿಟರ್-12ರ ಅಪರ್ಚರ್ (ಬೆಳಕಿನ ಕಿಂಡಿ) ಉಂಗುರ ಮುಂಭಾಗದ ಒಳಗಿರುವುದರಿಂದ ಫಿಲ್ಟರ್ ಹಾಕಿದ ಮೇಲೆ ಬೆರಳಿಗೆ ಸಿಗದು. ಡಿಜಿಟಲ್ ಕ್ಯಾಮೆರಾದಲ್ಲಿ ಪರೀಕ್ಷಿಸಿ ‘ಮೂಲೆಗಳಿಗೆ ನೇರಳೆ ಬಣ್ಣ ಬರುತ್ತದೆ’ ಎಂದು ಬರೆದಿರುತ್ತಾರಲ್ಲ, ಅದು ಸೆನ್ಸರ್‌ನ ತೊಂದರೆ. ಫಿಲ್ಮ್‌ಗೆ ಅದು ತಟ್ಟುವುದಿಲ್ಲ.

4. ಈಗ ಗಾಜು. ಇಲ್ಲಿ ಆತುರ ಬೇಡವೇ ಬೇಡ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಕೋಣೆಯನ್ನು ಕತ್ತಲು ಮಾಡಿ. ಹಿಂದಿನಿಂದ ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ನೇರವಾಗಿ ಹಿಡಿದರೆ ಬೆಳಕು ಕಣ್ಣಿಗೆ ರಾಚುತ್ತದೆ, ದೋಷ ಕಾಣುವುದಿಲ್ಲ. ಟಾರ್ಚನ್ನು ನಿಧಾನ ಸುತ್ತಿಸಿ. ಅದರ ಜೊತೆಗೇ ಜಾರುವುದು ಪ್ರತಿಫಲನ, ಗಾಜಿನಲ್ಲೇ ನಿಲ್ಲುವುದು ದೋಷ. ಲೆನ್ಸ್ ತಿರುಗಿಸಿ ಇನ್ನೊಂದು ಬದಿಯಿಂದಲೂ ಹೀಗೇ ಮಾಡಿ.

ಇಡೀ ಗಾಜಿಗೆ ನೀಲಿ ಬಿಳುಪಿನ ತೆಳು ಪೊರೆ ಕಂಡರೆ ಅದು ಹೇಜ್. ಹೆಲಿಕಾಯ್ಡ್‌ನ (ಫೋಕಸ್ ಉಂಗುರದೊಳಗಿನ ತಿರುಪಿನ) ಗ್ರೀಸ್ ಆವಿಯಾಗಿ ಅಪರ್ಚರ್ ಅಕ್ಕಪಕ್ಕದ ಗಾಜಿಗೆ ಕೂರುತ್ತದೆ. ಸಮರಾನ್‌ನಲ್ಲಿ ಇದು ತೀರಾ ಸಾಮಾನ್ಯ. ತಂತ್ರಜ್ಞರು ಬಿಚ್ಚಿ ಒರೆಸಿದರೆ ಹೋಗುತ್ತದೆ; ವರ್ಷಗಟ್ಟಲೆ ಕೂತಿದ್ದರೆ ಗಾಜಿನ ಮೇಲ್ಮೈಯನ್ನೇ ತಿಂದಿರುತ್ತದೆ, ಆಗ ಒರೆಸಿ ಫಲವಿಲ್ಲ. ರೇಂಜ್‌ಫೈಂಡರ್ ಲೆನ್ಸ್‌ಗಳಲ್ಲಿ ಅಪರ್ಚರ್ ಬ್ಲೇಡ್ ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡಿಲ್ಲ, ಹಾಗಾಗಿ ಬ್ಲೇಡಿನ ಎಣ್ಣೆಯಿಂದ ಕೆಲಸವೇನೂ ನಿಲ್ಲದು. ಆದರೂ ಆ ಎಣ್ಣೆಯೇ ನಾಳೆಯ ಹೇಜ್.

ಕವಲೊಡೆದ ಎಳೆಗಳು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸ್‌ನಲ್ಲಿ ಅಂಚುಗಳನ್ನೂ ಹುಡುಕಿ. ಚರ್ಮದ ಚೀಲ ತೇವ ಹಿಡಿದಿಟ್ಟು ಇದನ್ನು ಸಾಕುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಆರ್ದ್ರತೆ ಶೇ 40–50ರಲ್ಲಿ ಕಾಯಿರಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಮಾನು ಕಂಡರೆ ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟಿದೆ ಎಂದರ್ಥ. ಅಂಥ ಲೆನ್ಸನ್ನು ಕೊಳ್ಳದೆ ಅಲ್ಲೇ ಬಿಡಿ.

ಧೂಳಿನ ಕಣಗಳಿಗೆ ಚಿಂತೆ ಬೇಡ. ಮುಂದಿನ ಗಾಜಿನ ಒಂದೆರಡು ಗೀರಿಗೂ ಬೇಡ. ಹಿಂದಿನ ಗಾಜಿನ ಗೀರು ಮಾತ್ರ ಚಿತ್ರಕ್ಕೆ ಹೆಚ್ಚು ಹಾನಿ. ಆನ್‌ಲೈನ್ ಮಾರಾಟಗಾರರು ಬಿಳಿ ಹಿನ್ನೆಲೆಯಲ್ಲಿ ತೆಗೆದ ಫೋಟೊ ಹಾಕುತ್ತಾರೆ, ಅದರಲ್ಲಿ ಹೇಜ್ ಕಾಣುವುದೇ ಇಲ್ಲ. ಟಾರ್ಚ್ ಹಿಡಿದ ಫೋಟೊ ಕೇಳಿ; ಕೊಡಲೊಪ್ಪದಿದ್ದರೆ ವ್ಯಾಪಾರ ಬಿಡಿ.

5. ಉಂಗುರಗಳು ಸರಾಗ ತಿರುಗಬೇಕು. ಬಿಗಿಯೆಂದು ಡಬ್ಲ್ಯುಡಿ-40 ಸಿಂಪಡಿಸಬೇಡಿ, ಅದು ಗಾಜಿಗೇ ಹರಿಯುತ್ತದೆ.

6. ಲೆನ್ಸನ್ನು ಕ್ಯಾಮೆರಾಗೆ ಹಾಕಿ ಒಂದು ಕಿಲೋಮೀಟರ್ ಆಚೆಯ ಗೋಪುರವನ್ನೋ ಟವರನ್ನೋ ನೋಡಿ. ಫೋಕಸ್ ಉಂಗುರ ಇನ್ಫಿನಿಟಿಯಲ್ಲಿ (ಅತಿ ದೂರದ ಗುರುತಿನಲ್ಲಿ) ನಿಂತಾಗ ಎರಡು ಬಿಂಬ ಒಂದಾಗಬೇಕು. ಆಗದಿದ್ದರೆ ಸರಿಯೆಂದು ಗೊತ್ತಿರುವ ಇನ್ನೊಂದು ಲೆನ್ಸ್ ಹಾಕಿ. ಅದರಲ್ಲಿ ಸರಿಹೋದರೆ ದೋಷ ಈ ಲೆನ್ಸ್ ಅಥವಾ ಅಡಾಪ್ಟರ್‌ನದು.

ಹತ್ತಿರದ ಫೋಕಸನ್ನು ಫಿಲ್ಮ್ ಮಾತ್ರ ಹೇಳಬಲ್ಲದು. ಒಂದು ಮೀಟರ್ ದೂರದಲ್ಲಿ ಅಳತೆಪಟ್ಟಿಯನ್ನು ಓರೆಯಾಗಿ ಇಟ್ಟು, ಟ್ರೈಪಾಡ್ ಮೇಲಿಂದ ಅಪರ್ಚರ್ ಪೂರ್ತಿ ತೆರೆದು ಒಂದು ಫ್ರೇಮ್, ಎಫ್/5.6ರಲ್ಲಿ ಇನ್ನೊಂದು, ಆಮೇಲೆ ಕಿಟಕಿಯ ಬೆಳಕಿಗೆ ಎದುರಾಗಿ ಒಂದು. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ರೋಲ್ ತೊಳೆಸಿ.