ಚಾರ್ಮತ್ ಬೀಚಲ್ಲಿ ಇಕ್ತಿಯೋಸಾರ್ ಮೂಳೆ ಹುಡುಕೋದು ಹೇಗೆ

ಇಂಗ್ಲೆಂಡಲ್ಲಿ ಇರೋರು ಡಾರ್ಸೆಟ್ ಕಡೆ ಹೋದ್ರೆ ಲೈಮ್ ರೀಜಿಸ್, ಚಾರ್ಮತ್ ಮಧ್ಯದ ಬೀಚ್ ನೋಡ್ದೆ ಬರ್ಬೇಡಿ. 1811-12ರಲ್ಲಿ, ಫಾಸಿಲ್ (ಕಲ್ಲಾಗಿರೋ ಹಳೇ ಜೀವಿಗಳ ಉಳಿಕೆ) ಹುಡುಕೋದ್ರಲ್ಲಿ ಹೆಸರಾದ ಮೇರಿ ಆ್ಯನಿಂಗ್ ಮತ್ತೆ ಅವರಣ್ಣ ಜೋಸೆಫ್‌ಗೆ ಇಕ್ತಿಯೋಸಾರ್ ಸಿಕ್ಕಿದ್ದು ಇಲ್ಲೇ. ಇವು ಡೈನೋಸಾರ್ ಅಲ್ಲ, ಸುಮಾರು 19-20 ಕೋಟಿ ವರ್ಷದ ಹಿಂದೆ ಸಮುದ್ರದಲ್ಲೇ ಬದುಕ್ತಿದ್ದ ಸರೀಸೃಪಗಳು.

ಸುತ್ತಿಗೆ ತಗೊಂಡು ಹೋಗೋದೇ ಬೇಡ, ಕಣ್ಣು ಸಾಕು. ಚಳಿಗಾಲದಲ್ಲಿ ಜೋರು ಗಾಳಿಮಳೆ ಬಂದ್ಮೇಲೆ ಗುಡ್ಡ ಕುಸಿದು ಕೆಳಗೆ ಬಿದ್ದಿರೋ ಮಣ್ಣನ್ನ ಅಲೆಗಳೇ ತೊಳೆದು ಕೊಟ್ಟಿರ್ತವೆ, ಆವಾಗ ಹೋಗಿ. ಟೈಡ್ ಟೈಮ್ ಮೊದ್ಲೇ ನೋಡ್ಕೊಂಡು ನೀರು ಇಳೀತಿರುವಾಗ ಶುರು ಮಾಡಿ, ಮತ್ತೆ ಏರೋಕೆ ಶುರುವಾಗೋ ಮುಂಚೆ ವಾಪಸ್ ಬಂದ್ಬಿಡಿ, ಯಾಕಂದ್ರೆ ಬ್ಲ್ಯಾಕ್ ವೆನ್ ಗುಡ್ಡದ ಕೆಳಗೆ ಸಿಕ್ಕಾಕೊಂಡ್ರೆ ಒಂದ್ಕಡೆ ಸಮುದ್ರ, ಇನ್ನೊಂದ್ಕಡೆ ಕೆಸರು, ಹೊರಗೆ ಬರೋಕೆ ದಾರಿನೇ ಇರಲ್ಲ. ಗುಡ್ಡದ ಬುಡಕ್ಕಂತೂ ಹೋಗ್ಲೇಬೇಡಿ. 1833ರಲ್ಲಿ ಮೇರಿ ಕಣ್ಣೆದುರೇ ಅವರ ನಾಯಿ ಟ್ರೇ ಮಣ್ಣು ಕುಸಿದು ಸತ್ತೋಯ್ತು, ಅಷ್ಟು ಅನುಭವ ಇದ್ದೋರ ಪಕ್ಕದಲ್ಲೇ.

ಇಡೀ ಅಸ್ಥಿಪಂಜರ ಸಿಗೋದು ತುಂಬಾ ಅಪರೂಪ, ಸಿಗೋ ಚಾನ್ಸ್ ಇರೋದು ಬೆನ್ನುಮೂಳೆಯ ಬಿಲ್ಲೆ. ದಪ್ಪ ಕೇರಂ ಸ್ಟ್ರೈಕರ್ ಥರ ದುಂಡಗೆ, ಕಪ್ಪಗೆ, ಆದ್ರೆ ಎರಡೂ ಮುಖ ಒಳಕ್ಕೆ ತಗ್ಗಾಗಿರುತ್ತೆ. ಬೀಚ್ ತುಂಬಾ ಕಪ್ಪು ಕಲ್ಲೇ ಇರೋದ್ರಿಂದ ಬಣ್ಣ ನಂಬ್ಕೋಬೇಡಿ, ಮುರಿದಿರೋ ಅಂಚನ್ನ ಲೆನ್ಸಲ್ಲಿ ನೋಡಿ: ಸಣ್ಣ ಸಣ್ಣ ತೂತು ಕಂಡ್ರೆ ಮೂಳೆ, ಉದ್ದುದ್ದ ಗೆರೆ ಇದ್ರೆ ಬಹುಶಃ ಕಲ್ಲಾಗಿರೋ ಮರ, ಏನೂ ಇಲ್ದೆ ಗಟ್ಟಿಯಾಗಿದ್ರೆ ಬರೀ ಕಲ್ಲು. ನಿಧಾನಕ್ಕೆ, ಬಗ್ಗಿ, ಒಂದೇ ಜಾಗನ ಎರಡೆರಡು ಸಲ ನೋಡಿ.

ಬೀಚಲ್ಲಿ ಸುಮ್ನೆ ಬಿದ್ದಿರೋದನ್ನ ತಗೋಬಹುದು, ಗುಡ್ಡ ಅಗೆಯೋ ಹಾಗಿಲ್ಲ. ಬಿಲ್ಲೆಗಳು ಸಾಲಾಗಿ ಬಂಡೆಯೊಳಗೆ ಕಂಡ್ರೆ ದಯವಿಟ್ಟು ಕೀಳೋಕೆ ಹೋಗ್ಬೇಡಿ, ಫೋಟೋ ತೆಗೆದು ಜಾಗ ಗುರುತು ಹಾಕ್ಕೊಂಡು ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್‌ಗೆ ಹೇಳಿ. ಮುಖ್ಯವಾದ ಫಾಸಿಲ್‌ಗಳನ್ನ ಅಲ್ಲಿ ರಿಜಿಸ್ಟರ್ ಮಾಡ್ಕೋತಾರೆ. ಅಲ್ಲಿರೋರ್ಗೆ ತೋರ್ಸಿದ್ರೆ ಅದು ಏನು ಅಂತಾನೂ ಗೊತ್ತಾಗುತ್ತೆ.

ಮನೆಗೆ ತಂದ್ಮೇಲೆ ಸಿಹಿನೀರಲ್ಲಿ ನೆನೆಸಿ, ಕೆಲವು ದಿನ ನೀರು ಬದಲಾಯಿಸ್ತಾ ಉಪ್ಪು ಬಿಡ್ಸಿ, ನೆರಳಲ್ಲಿ ಒಣಗಿಸಿ. ಅದರಲ್ಲಿ ಪೈರೈಟ್ ಅನ್ನೋ ಚಿನ್ನದ ಬಣ್ಣದ ಖನಿಜ ಇದ್ರೆ ತೇವ ತಾಗಿ ಪುಡಿಪುಡಿ ಆಗ್ಬಿಡುತ್ತೆ, ಅಂಥದ್ದನ್ನ ಚೆನ್ನಾಗಿ ಒಣಗಿಸಿ ಸಿಲಿಕಾ ಜೆಲ್ ಜೊತೆ ಡಬ್ಬೀಲಿ ಇಡಿ. ಸಿಕ್ಕಿದ ಜಾಗ, ತಾರೀಕು ಚೀಟೀಲಿ ಬರೆದು ಅದರ ಜೊತೆನೇ ಹಾಕಿ, ಆ ಚೀಟಿ ಇಲ್ದಿದ್ರೆ ಮುಂದೆ ಯಾರಾದ್ರೂ ಸ್ಟಡಿ ಮಾಡ್ಬೇಕು ಅಂದ್ರೂ ಅದರಿಂದ ಹೆಚ್ಚೇನೂ ಗೊತ್ತಾಗಲ್ಲ.